ಮೂರನೇ ಕಂಡಿಕೆ ಮತ್ತು ಸ್ಮಶಾನದ ಗೋಡೆ: ಸರ್ಕಾರಕ್ಕೂ ಧರ್ಮಸಭೆಗೂ ಒಂದು ಬಹಿರಂಗ ಪತ್ರ

ಭಾರತ ಸರ್ಕಾರದ ಸಾಮಾಜಿಕ ನ್ಯಾಯ ಸಚಿವರಿಗೆ,
ಕರ್ನಾಟಕದ ಮುಖ್ಯಮಂತ್ರಿಗಳಿಗೆ,
ಕಥೋಲಿಕ ಧರ್ಮಾಧ್ಯಕ್ಷರಿಗೆ, ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತು ಮೆಥೊಡಿಸ್ಟ್ ಸಭೆಗಳ ಬಿಷಪರಿಗೆ,

ಮಾನ್ಯರೇ,

ಸರ್ಕಾರಕ್ಕೂ ಸಭೆಗೂ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ದಲಿತ ಕ್ರೈಸ್ತರ ವಿಷಯ ಬಂದಾಗಲೆಲ್ಲ ಸರ್ಕಾರ ಸಭೆಯತ್ತ ಬೆರಳು ತೋರಿಸುತ್ತದೆ: ನಿಮ್ಮ ಧರ್ಮದಲ್ಲಿ ಜಾತಿ ಇಲ್ಲ ಎನ್ನುತ್ತೀರಲ್ಲ, ಮತ್ತೇಕೆ ಪರಿಶಿಷ್ಟ ಜಾತಿಯ ಸ್ಥಾನಮಾನ? ಸಭೆ ಸರ್ಕಾರದತ್ತ ಬೆರಳು ತೋರಿಸುತ್ತದೆ: ಅನ್ಯಾಯ ಮಾಡಿದ್ದು ನಿಮ್ಮ ಆದೇಶ. ಹೀಗೇ ಎಪ್ಪತ್ತೈದು ವರ್ಷ ಕಳೆದಿದೆ. ಬೇರೆ ಬೇರೆ ಪತ್ರ ಬರೆದರೆ ಇಬ್ಬರೂ ತಮಗೆ ಬಂದದ್ದನ್ನು ಇನ್ನೊಬ್ಬರ ಮೇಜಿಗೆ ಸರಿಸುತ್ತೀರಿ. ಅದಕ್ಕೇ ಒಟ್ಟಿಗೆ ಓದಿ ಎಂದು ಕೇಳುತ್ತಿದ್ದೇವೆ.

ಮೊದಲು ಕಾಗದದ ಮಾತು. 1950ರ ಆಗಸ್ಟ್ 10ರಂದು ರಾಷ್ಟ್ರಪತಿಗಳು ಹೊರಡಿಸಿದ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಕಂಡಿಕೆ ಒಂದೇ ವಾಕ್ಯದ್ದು. ಹಿಂದೂ ಧರ್ಮ ಬಿಟ್ಟು ಬೇರೆ ಧರ್ಮ ಅನುಸರಿಸುವ ಯಾರನ್ನೂ ಪರಿಶಿಷ್ಟ ಜಾತಿಗೆ ಸೇರಿದವರೆಂದು ಪರಿಗಣಿಸುವಂತಿಲ್ಲ ಎಂಬುದು ಅದರ ಸಾರ. ಪಂಜಾಬಿನ ನಾಲ್ಕು ಸಿಖ್ ಜಾತಿಗಳಿಗೆ ಮಾತ್ರ ಆಗಲೇ ವಿನಾಯಿತಿ ಇತ್ತು. ಇದು ಸ್ವತಂತ್ರ ಭಾರತದ ಹೊಸ ಆಲೋಚನೆಯೂ ಅಲ್ಲ; ಬ್ರಿಟಿಷರ 1936ರ ಆದೇಶದಲ್ಲೇ ಭಾರತೀಯ ಕ್ರೈಸ್ತರನ್ನು ಹೊರಗಿಟ್ಟಿದ್ದರು. 1956ರಲ್ಲಿ ಸಂಸತ್ತು ಆ ವಾಕ್ಯಕ್ಕೆ ಸಿಖ್ಖರನ್ನು ಸೇರಿಸಿತು, 1990ರಲ್ಲಿ ಬೌದ್ಧರನ್ನು ಸೇರಿಸಿತು. ಎರಡು ಸಲವೂ ಸಂವಿಧಾನದ ತಿದ್ದುಪಡಿ ಬೇಕಾಗಲಿಲ್ಲ. 341ನೇ ವಿಧಿಯ ಎರಡನೇ ಉಪವಿಧಿಯಂತೆ ಒಂದು ಸಾಮಾನ್ಯ ಕಾಯ್ದೆ, ಸಾಮಾನ್ಯ ಬಹುಮತ ಸಾಕಾಯಿತು. ಪರಿಶಿಷ್ಟ ಪಂಗಡಗಳ ಆದೇಶವೂ 1950ರದ್ದೇ. ಅದರಲ್ಲಿ ಧರ್ಮದ ಷರತ್ತೇ ಇಲ್ಲ. ಹಾಗಾಗಿ ಬುಡಕಟ್ಟಿನ ಮನುಷ್ಯ ಕ್ರೈಸ್ತನಾದರೂ ಪಟ್ಟಿಯಲ್ಲಿ ಉಳಿಯುತ್ತಾನೆ, ಮಾದಿಗರ ಕೇರಿಯವನು ಕ್ರೈಸ್ತನಾದರೆ ಹೊರಬೀಳುತ್ತಾನೆ.

ಈ ಒಂದು ವಾಕ್ಯ ನಾಡಕಚೇರಿಯ ಕಿಟಕಿಯಲ್ಲಿ ಹೇಗೆ ಕೆಲಸ ಮಾಡುತ್ತದೆ ನೋಡಿ. ಕರ್ನಾಟಕದಲ್ಲಿ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ನಮೂನೆ 'ಡಿ', ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ರದ್ದು ನಮೂನೆ 'ಇ', 2ಎಯಿಂದ 3ಬಿವರೆಗಿನದು ನಮೂನೆ 'ಎಫ್'. ಕ್ರೈಸ್ತ ಎಂದಷ್ಟೇ ಹೇಳಿದವರಿಗೆ 3ಬಿ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರಿಗೆ ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ 1. ಅರ್ಜಿ ಕೊಟ್ಟಮೇಲೆ ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ವಿಚಾರಿಸಿ ವರದಿ ಬರೆಯಬೇಕು, ಕಂದಾಯ ನಿರೀಕ್ಷಕರು ಅದನ್ನು ಒಪ್ಪಬೇಕು, ತಹಶೀಲ್ದಾರರ ಸಹಿ ಬೀಳಬೇಕು. ಕೆಡುವುದು ಮೊದಲ ಮೆಟ್ಟಿಲಲ್ಲೇ. ತಂದೆಯ ಶಾಲಾ ದಾಖಲಾತಿಯಲ್ಲಿ 'ಆದಿ ಕರ್ನಾಟಕ' ಎಂದಿರುತ್ತದೆ. ಮಗನನ್ನು ಮಿಷನ್ ಶಾಲೆಗೆ ಸೇರಿಸುವಾಗ ಧರ್ಮ, ಜಾತಿ ಎರಡೂ ಕಾಲಮ್ಮಿನಲ್ಲಿ 'ಕ್ರಿಶ್ಚಿಯನ್' ಎಂದು ಗೀಚಿರುತ್ತಾರೆ. ಪ್ರವರ್ಗ 1 ಕೇಳಿದರೆ ಜಾತಿಯ ದಾಖಲೆ ತನ್ನಿ ಎನ್ನುತ್ತಾರೆ. ಜಾತಿಯ ದಾಖಲೆ ತಂದರೆ ಇದು ಪರಿಶಿಷ್ಟ ಜಾತಿಯದ್ದಲ್ಲವೇ, ನೀವು ಕ್ರೈಸ್ತರಲ್ಲವೇ ಎಂಬ ಪ್ರಶ್ನೆ ಏಳುತ್ತದೆ. ಬೇಸತ್ತವರು ಬೇಗ ಸಿಗುವ 3ಬಿ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಪ್ರವರ್ಗ 1ಕ್ಕೆ ಕೆನೆಪದರದ ಆದಾಯ ಮಿತಿ ಇಲ್ಲ, 3ಬಿಗೆ ಇದೆ. ಆ ವ್ಯತ್ಯಾಸವನ್ನು ಕಿಟಕಿಯಲ್ಲಿ ಯಾರೂ ಹೇಳುವುದಿಲ್ಲ.

ಪ್ರವರ್ಗ 1 ಸಿಕ್ಕರೂ ನಷ್ಟ ಎಷ್ಟು ಎಂದು ಲೆಕ್ಕ ಹಾಕಬೇಕು. ರಾಜ್ಯ ಸರ್ಕಾರ 2022ರಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿಯನ್ನು ಶೇ 15ರಿಂದ 17ಕ್ಕೆ ಏರಿಸಿತು; ಪ್ರವರ್ಗ 1ಕ್ಕಿರುವುದು ಶೇ 4, ಅದನ್ನು ಅಲೆಮಾರಿ ಮತ್ತು ಅರೆ ಅಲೆಮಾರಿ ಸಮುದಾಯಗಳ ಜೊತೆ ಹಂಚಿಕೊಳ್ಳಬೇಕು. ವಿಧಾನಸಭೆಯ 36 ಮೀಸಲು ಕ್ಷೇತ್ರಗಳಲ್ಲಿ ಒಂದರಲ್ಲೂ ನಿಲ್ಲುವಂತಿಲ್ಲ. ಎಲ್ಲಕ್ಕಿಂತ ಕೆಟ್ಟದ್ದು 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆ ಇಲ್ಲದಿರುವುದು. ಅದೇ ಕೇರಿ, ಅದೇ ಬೈಗುಳ, ಅದೇ ದೊಣ್ಣೆ. ಪೆಟ್ಟು ತಿಂದ ಅಣ್ಣತಮ್ಮಂದಿರಲ್ಲಿ ಒಬ್ಬ ಪ್ರಾರ್ಥನೆಗೆ ಹೋಗುವವನಾದರೆ ಅವನ ಪ್ರಕರಣ ಬರಿಯ ಹೊಡೆದಾಟವಾಗುತ್ತದೆ. ಕ್ರೈಸ್ತ ಪಾಸ್ಟರ್ ಒಬ್ಬರ ದೂರಿನಲ್ಲಿ ಆಂಧ್ರ ಹೈಕೋರ್ಟ್ 2025ರ ಏಪ್ರಿಲ್‌ನಲ್ಲಿ ಇದನ್ನೇ ಹೇಳಿತು. ಹೊಡೆಯುವವನು ಜ್ಞಾನಸ್ನಾನದ (ಬ್ಯಾಪ್ಟಿಸಂ) ಪುಸ್ತಕ ನೋಡಿ ಹೊಡೆಯುವುದಿಲ್ಲ.

ಸರ್ಕಾರಕ್ಕೆ ಇಲ್ಲಿ ಒಂದು ವಿರೋಧಾಭಾಸ ಕಾಣಬೇಕಿತ್ತು. ಕರ್ನಾಟಕದ 2022ರ ಮತಾಂತರ ಕಾಯ್ದೆಯಲ್ಲಿ ಸಾಮಾನ್ಯ ಅಪರಾಧಕ್ಕೆ 3ರಿಂದ 5 ವರ್ಷ ಸಜೆ. ಪರಿಶಿಷ್ಟ ಜಾತಿಯವರನ್ನು ಮತಾಂತರಿಸಿದರೆ 3ರಿಂದ 10 ವರ್ಷ. ಅಂದರೆ ಈ ಜನ ದುರ್ಬಲರು, ಅವರಿಗೆ ಹೆಚ್ಚಿನ ರಕ್ಷಣೆ ಬೇಕು ಎಂದು ಕಾಯ್ದೆ ಬರೆದವರೇ ಒಪ್ಪಿದ್ದಾರೆ. ಅದೇ ಮನುಷ್ಯ ಮರುದಿನ ಚರ್ಚಿನ ಬಾಗಿಲು ದಾಟಿದರೆ ಅವನ ದುರ್ಬಲತೆ ಮಾಯ. 2023ರ ಜೂನ್‌ನಲ್ಲಿ ಸಚಿವ ಸಂಪುಟ ಆ ಕಾಯ್ದೆಯನ್ನು ಹಿಂಪಡೆಯಲು ತೀರ್ಮಾನಿಸಿತು. ಅದರೊಳಗಿದ್ದ ಈ ಪ್ರಶ್ನೆಗೆ ಉತ್ತರ ಮಾತ್ರ ಯಾರೂ ಕೊಟ್ಟಿಲ್ಲ.

ನ್ಯಾಯಾಲಯಗಳ ದಾರಿ ನಮ್ಮ ನಾಡಿನಿಂದಲೇ ಹಾದುಹೋಗುತ್ತದೆ. ಕೆಜಿಎಫ್ ಮೀಸಲು ಕ್ಷೇತ್ರದಿಂದ 1967ರಲ್ಲಿ ಗೆದ್ದ ಎಸ್. ರಾಜಗೋಪಾಲ್ ಅವರ ಆಯ್ಕೆ ರದ್ದಾಯಿತು. ಅವರು 1949ರಲ್ಲಿ ಕ್ರೈಸ್ತರಾಗಿದ್ದರು ಎಂಬುದು ಕಾರಣ. 1972ರಲ್ಲಿ ಮತ್ತೆ ಗೆದ್ದರು. ಆ ಸಲ ಸುಪ್ರೀಂ ಕೋರ್ಟ್ ಅವರು ಹಿಂದೂ ಧರ್ಮಕ್ಕೆ ಮರಳಿದ್ದಾರೆ, ಆದಿದ್ರಾವಿಡ ಸಮುದಾಯ ಒಪ್ಪಿಕೊಂಡಿದೆ ಎಂದು ಆಯ್ಕೆಯನ್ನು ಎತ್ತಿಹಿಡಿಯಿತು. ಬೇಕಾದಾಗ ಎಚ್ಚರಗೊಳ್ಳುವ, ಬೇಡವಾದಾಗ ಮಲಗುವ ಜಾತಿ ಯಾವುದು? ಮೈಗೆ ಅಂಟಿದ್ದು ಮರಳಿದ ಕೂಡಲೇ ಸಿಗುತ್ತದೆಂದರೆ ಅದು ನಡುವಿನ ವರ್ಷಗಳಲ್ಲಿ ಎಲ್ಲಿಗೂ ಹೋಗಿರಲಿಲ್ಲ ಎಂದೇ ನಮ್ಮ ತಿಳಿವಳಿಕೆ. 2015ರ ಕೇರಳದ ಪ್ರಕರಣವೊಂದರಲ್ಲಿ ಇದಕ್ಕೆ ಮೂರು ಷರತ್ತು ಸ್ಪಷ್ಟವಾದವು: ಮೂಲ ಜಾತಿಯ ಪುರಾವೆ, ಮರಳಿದ್ದಕ್ಕೆ ಪುರಾವೆ, ಸಮುದಾಯ ಒಪ್ಪಿಕೊಂಡಿದ್ದಕ್ಕೆ ಪುರಾವೆ. 2024ರ ನವೆಂಬರ್ 26ರಂದು ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪರಿಶಿಷ್ಟ ಜಾತಿಯ ಪ್ರಮಾಣಪತ್ರ ನಿರಾಕರಿಸಿತು. ಅಲ್ಲಿ ಸಾಕ್ಷಿಯಾಗಿ ನಿಂತದ್ದು ಶಿಶುವಾಗಿದ್ದಾಗ ಆದ ಜ್ಞಾನಸ್ನಾನದ ದಾಖಲೆ ಮತ್ತು 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಡಿ ನೋಂದಾದ ತಂದೆತಾಯಿಯ ಮದುವೆ.

ಧರ್ಮಾಧ್ಯಕ್ಷರೇ, ಈ ಎರಡು ದಾಖಲೆಗಳು ನಿಮ್ಮ ಕಪಾಟಿನವು. ಅದಕ್ಕೇ ಎಷ್ಟೋ ಕುಟುಂಬಗಳು ಭಾನುವಾರ ಆರಾಧನೆಗೆ ಬರುತ್ತವೆ, ಹೆಸರು ಮಾತ್ರ ಬರೆಯಬೇಡಿ ಎನ್ನುತ್ತವೆ. ಪೀಠದಿಂದ ಅವರನ್ನು ಅಲ್ಪವಿಶ್ವಾಸಿಗಳೆಂದು ಗದರುವುದುಂಟು. ಸೀಟು, ಸ್ಕಾಲರ್‌ಶಿಪ್, ಮಗಳ ನೌಕರಿ ಕಳೆದುಕೊಳ್ಳುವ ಭಯಕ್ಕೂ ಅವಿಶ್ವಾಸಕ್ಕೂ ಇರುವ ವ್ಯತ್ಯಾಸ ಗದರುವವರಿಗೆ ಗೊತ್ತಿರಬೇಕು.

ಈಗ ಈ ಪತ್ರದ ತಿರುಳಿಗೆ ಬರುತ್ತೇವೆ. 1985ರಲ್ಲಿ ಸೂಸೈ ಎಂಬವರ ಪ್ರಕರಣ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅವರು ಮದ್ರಾಸಿನ ರಸ್ತೆಬದಿ ಕೂತು ಚಪ್ಪಲಿ ಹೊಲಿಯುತ್ತಿದ್ದ ಆದಿದ್ರಾವಿಡ ಕ್ರೈಸ್ತ. ಪಕ್ಕದಲ್ಲಿ ಅದೇ ಕೆಲಸ ಮಾಡುವವರಿಗೆ ಸರ್ಕಾರ ಉಚಿತವಾಗಿ ಗೂಡಂಗಡಿ ಕೊಟ್ಟಿತು, ಇವರಿಗೆ ಕೊಡಲಿಲ್ಲ. ಮತಾಂತರದ ನಂತರವೂ ಜಾತಿ ಉಳಿದಿದೆ ಎಂದಷ್ಟೇ ತೋರಿಸಿದರೆ ಸಾಲದು. ಹಿಂದೂ ಸಮಾಜದಲ್ಲಿ ಅನುಭವಿಸಿದ ಅದೇ ಕಠೋರ ತೊಡಕುಗಳು ಕ್ರೈಸ್ತ ಸಮುದಾಯದೊಳಗೂ ಮುಂದುವರಿದಿವೆ ಎಂದು ತೋರಿಸಬೇಕು ಎಂದಿತು ನ್ಯಾಯಾಲಯ. ಕ್ರೈಸ್ತ ಸಮಾಜದ ಈಗಿನ ಸ್ಥಿತಿಯ ಬಗ್ಗೆ ಅಧಿಕೃತವಾದ, ವಿವರವಾದ ಅಧ್ಯಯನ ಯಾವುದೂ ಕಡತದಲ್ಲಿಲ್ಲ ಎಂದೂ ಹೇಳಿತು. ಸೂಸೈ ಸೋತದ್ದು ಅಲ್ಲಿ. ಬಡ ಚಮ್ಮಾರನೊಬ್ಬ ದೇಶದ ಚರ್ಚುಗಳ ಅಧ್ಯಯನವನ್ನು ಎಲ್ಲಿಂದ ತರಬೇಕಿತ್ತು? ಅದು ಯಾರ ಬಳಿ ಇತ್ತೋ ಅವರು ತರಲಿಲ್ಲ.

ಆ ಪುರಾವೆ ಇವತ್ತಿಗೂ ಸಭೆಯ ಬಳಿಯೇ ಇದೆ. ತಿರುಚಿರಾಪಳ್ಳಿಯ ಮೇಲಪುದೂರಿನ ಕಥೋಲಿಕ ಸ್ಮಶಾನದಲ್ಲಿ ಒಂದು ಗೋಡೆ ಎದ್ದಿತ್ತು, ದಲಿತರ ಹೆಣ ಒಂದು ಕಡೆ, ಉಳಿದವರದು ಇನ್ನೊಂದು ಕಡೆ. ತಮಿಳುನಾಡಿನ ಎರೈಯೂರಿನಲ್ಲಿ ಶವಯಾತ್ರೆಯ ದಾರಿ, ಆಲಯದೊಳಗಿನ ಸ್ಥಾನ ಇವುಗಳ ಜಗಳ ಬೆಳೆದು ದಲಿತರು ಪ್ರತ್ಯೇಕ ಧರ್ಮಕೇಂದ್ರ (ಪ್ಯಾರಿಷ್) ಕೇಳಿದರು. 2008ರ ಮಾರ್ಚ್‌ನಲ್ಲಿ ಹಿಂಸೆಯಾಗಿ ಪೊಲೀಸ್ ಗುಂಡಿಗೆ ಇಬ್ಬರು ಸತ್ತರು. ಹೊಡೆದಾಡಿಕೊಂಡ ಎರಡೂ ಪಂಗಡ ಒಂದೇ ಪರಮಪ್ರಸಾದ ಸ್ವೀಕರಿಸುವವರು. ಕೊಟ್ಟಾಯಂನ ದಲಿತ ಕ್ರೈಸ್ತ ಯುವಕನೊಬ್ಬನನ್ನು 2018ರಲ್ಲಿ ಹುಡುಗಿಯ ಕಡೆಯವರು ಕೊಂದರು. ಎರಡೂ ಮನೆ ಕ್ರೈಸ್ತವಾದ ಮೇಲೆ ಮರ್ಯಾದೆಗೇಡು ಹತ್ಯೆ ಹೇಗಾದೀತು ಎಂದು ಪ್ರತಿವಾದಿಗಳು ಕೇಳಿದರು. ಸೆಷನ್ಸ್ ನ್ಯಾಯಾಲಯ 2019ರಲ್ಲಿ ಅದು ಮರ್ಯಾದೆಗೇಡು ಹತ್ಯೆಯೇ ಎಂದು ಹತ್ತು ಮಂದಿಗೆ ಜೀವಾವಧಿ ಶಿಕ್ಷೆ ಕೊಟ್ಟಿತು. ನಮ್ಮ ಕರಾವಳಿಯಲ್ಲಿ ಬಾಮಣ್, ಚಾರೋಡಿ, ಸುದಿರ್, ಗೌಡಿ ಎಂಬ ಕಥೋಲಿಕರೊಳಗಿನ ಜಾತಿ ಹೆಸರುಗಳು ಮದುವೆ ಮಾತುಕತೆಯ ಹೊತ್ತಿಗೆ ಇನ್ನೂ ನೆನಪಾಗುತ್ತವೆ.

ಇದು ಹೊಸ ಸುದ್ದಿಯೂ ಅಲ್ಲ. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲೇ ದಕ್ಷಿಣದ ಸಭೆಗಳಿಗೆ ಬರೆದು, ಜಾತಿಭೇದವನ್ನು ಖಡಾಖಂಡಿತವಾಗಿ, ತಕ್ಷಣ, ಶಾಶ್ವತವಾಗಿ ಬಿಡಬೇಕೆಂದು ಹೇಳಿದ್ದರು. ಎರಡನೇ ಜಾನ್ ಪೌಲ್ ಜಗದ್ಗುರುಗಳು 2003ರ ನವೆಂಬರ್‌ನಲ್ಲಿ ತಮಿಳುನಾಡಿನ ಧರ್ಮಾಧ್ಯಕ್ಷರಿಗೆ ಇದೇ ಎಚ್ಚರಿಕೆ ಕೊಟ್ಟರು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರ ಡಿಸೆಂಬರ್‌ನಲ್ಲಿ ದಲಿತ ಸಬಲೀಕರಣ ನೀತಿ ಪ್ರಕಟಿಸಿ ಸಭೆಯೊಳಗೆ ತಾರತಮ್ಯವಿದೆಯೆಂದು ಒಪ್ಪಿಕೊಂಡಿತು. 2022ರಲ್ಲಿ ಹೈದರಾಬಾದಿನ ಆಂತೋನಿ ಪೂಲಾ ಅವರು ಮೊದಲ ದಲಿತ ಕಾರ್ಡಿನಲ್ ಆದರು, ಅದು ಸಂತೋಷದ ದಿನ. ಆದರೆ ನೀತಿಪತ್ರ ಒಂದು ಧರ್ಮಕೇಂದ್ರದ ಸ್ಮಶಾನದ ಗೇಟಿನವರೆಗೆ ಬಂದಿದೆಯೇ ಎಂದು ನೋಡಿದವರು ಯಾರು?

ಪ್ರತಿ ಆಗಸ್ಟ್ 10ರಂದು ಕಪ್ಪು ದಿನ ಆಚರಿಸುತ್ತೇವೆ. ನವೆಂಬರಿನ ಎರಡನೇ ಭಾನುವಾರ ದಲಿತ ವಿಮೋಚನಾ ಭಾನುವಾರ. ಕಪ್ಪು ದಿನ ದೆಹಲಿಯನ್ನು ಕೇಳುತ್ತದೆ. ಸಭೆಯನ್ನು ಕೇಳುವ ದಿನ ಯಾವುದು? ಯಾಕೋಬನ ಪತ್ರಿಕೆಯ ಎರಡನೇ ಅಧ್ಯಾಯ ಎಲ್ಲರಿಗೂ ಗೊತ್ತು: ಚಿನ್ನದ ಉಂಗುರದವನಿಗೆ ಒಳ್ಳೆಯ ಸ್ಥಳ, ಬಡವನಿಗೆ ಅಲ್ಲಿ ನಿಲ್ಲು ಎಂಬ ಮಾತು. ಆ ಅಧ್ಯಾಯದ ಮೇಲೆ ಪ್ರಸಂಗ ಮಾಡಿದ ಭಾನುವಾರವೇ ಹಿಂದಿನ ಬೆಂಚುಗಳನ್ನು ಎಣಿಸಿದರೆ ಪ್ರಸಂಗ ಪೂರ್ತಿಯಾಗುತ್ತದೆ.

ನಾವು ಕೇಳುವುದು ಇಷ್ಟೇ. ಪ್ರತಿ ಧರ್ಮಕ್ಷೇತ್ರ, ಪ್ರತಿ ಡಯಾಸಿಸ್ (ಒಬ್ಬ ಬಿಷಪರ ಆಡಳಿತದ ವ್ಯಾಪ್ತಿ) ತನ್ನೊಳಗಿನ ಜಾತಿಯನ್ನು ಅಳೆದು ಬರೆಯಲಿ, ಬರೆದದ್ದನ್ನು ಪ್ರಮಾಣ ಮಾಡಿ ಈ ವಿಷಯ ವಿಚಾರಿಸುವ ಆಯೋಗಕ್ಕೂ ನ್ಯಾಯಾಲಯಕ್ಕೂ ಕೊಡಲಿ. ಸೂಸೈ ಪ್ರಕರಣದಲ್ಲಿ ಇಲ್ಲದ ಅಧ್ಯಯನ ಅದೇ. ಸಭೆಯ ಪಾಪನಿವೇದನೆಯೇ ಇಲ್ಲಿ ದಲಿತ ಕ್ರೈಸ್ತರ ಸಾಕ್ಷ್ಯ. ಮರ್ಯಾದೆ ಹೋಗುತ್ತದೆ ಎಂದು ಮುಚ್ಚಿಟ್ಟಷ್ಟು ಕಾಲ ಅವರ ದಾವೆ ಸೋಲುತ್ತಲೇ ಇರುತ್ತದೆ.

ಅಳೆಯುವುದು ಹೇಗೆ ಎಂಬುದು ಮುಖ್ಯ, ಯಾಕೆಂದರೆ ಇಂಥ ಸಮೀಕ್ಷೆಗಳು ಕೆಡುವುದು ಪ್ರಶ್ನೆಯಲ್ಲೇ. "ನಿಮ್ಮಲ್ಲಿ ಜಾತಿ ತಾರತಮ್ಯ ಇದೆಯೇ?" ಎಂದು ಪೂಜೆ ಮುಗಿದ ಮೇಲೆ ಎಲ್ಲರೆದುರು ಕೇಳಿದರೆ ಉತ್ತರ ಇಲ್ಲ ಎಂದೇ. ಗುರುಗಳೊಬ್ಬರನ್ನೇ ಕೇಳಿದರೂ ಅಷ್ಟೇ. ಅವರು ಬಂದು ಎರಡೋ ಮೂರೋ ವರ್ಷವಾಗಿರುತ್ತದೆ, ಅವರು ಬರುವ ಮುಂಚೆಯೇ ಊರು ತನ್ನ ಸಾಲುಗಳನ್ನು ಹಾಕಿಕೊಂಡಿರುತ್ತದೆ. ಅಭಿಪ್ರಾಯ ಕೇಳಬೇಡಿ, ಎಣಿಸಿ, ಅಳೆಯಿರಿ. ಒಂದು ಧರ್ಮಕೇಂದ್ರಕ್ಕೆ ಮೂವರು ಸಾಕು: ಕೇರಿಯ ಒಬ್ಬ ಮಹಿಳೆ, ಧರ್ಮಕೇಂದ್ರದ ಹೊರಗಿನ ಒಬ್ಬರು, ದಾಖಲೆ ಓದಬಲ್ಲ ಒಬ್ಬರು. ಎರಡು ದಿನದ ಕೆಲಸ.

ಮೊದಲ ದಿನ ಟೇಪು ಹಿಡಿದು ಸ್ಮಶಾನಕ್ಕೆ ಹೋಗಿ. ಗೇಟು ಎಷ್ಟು, ಒಳಗೆ ಗೋಡೆಯೋ ಬೇಲಿಯೋ ಇದ್ದರೆ ಉದ್ದ ಎಷ್ಟು, ಎತ್ತರ ಎಷ್ಟು. ಗೋಡೆ ಇಲ್ಲದ ಕಡೆ ಸಾಲು ಇರಬಹುದು. ಯಾವ ಸಾಲಿನಲ್ಲಿ ಯಾವ ಮನೆಯವರು ಎಂದು ನಕ್ಷೆ ಬರೆಯಿರಿ. ತಗ್ಗಿನಲ್ಲಿ, ಮಳೆನೀರು ನಿಲ್ಲುವ ಮೂಲೆಯಲ್ಲಿ ಯಾರ ಗುಂಡಿಗಳಿವೆ? ಕಲ್ಲುಸಮಾಧಿ ಕಟ್ಟಲು ಯಾರಿಗೆ ಅನುಮತಿ ಸಿಕ್ಕಿದೆ? ಗುಂಡಿ ತೋಡುವವರು ಯಾರ ಮನೆಯವರು, ಅವರಿಗೆ ಕೂಲಿ ಇದೆಯೇ ಅಥವಾ ಅದು ಅವರ 'ಹಕ್ಕು' ಎಂದು ನಡೆದುಬಂದಿದೆಯೇ? ಕೇರಿಯಿಂದ ಗೇಟಿನವರೆಗೆ ಹೆಣ ಯಾವ ಬೀದಿಯಲ್ಲಿ ಹೋಗುತ್ತದೆ, ನೇರ ದಾರಿ ಬಿಟ್ಟು ಎಷ್ಟು ಸುತ್ತು? ಹಬ್ಬದ ತೇರು ಯಾವ ಬೀದಿಯಲ್ಲಿ ತಿರುಗಿಕೊಳ್ಳುತ್ತದೆ? ತೇರು ತಿರುಗುವ ಜಾಗ ಊರಿನ ಗಡಿ ಎಲ್ಲಿ ಮುಗಿಯುತ್ತದೆಂದು ಊರು ಭಾವಿಸಿದೆ ಎಂಬುದನ್ನು ತೋರಿಸಿಬಿಡುತ್ತದೆ.

ಎರಡನೇ ದಿನ ದಾಖಲೆ. ಕಥೋಲಿಕ ಧರ್ಮಸಭೆಯ ಕಾನೂನಿನ 535ನೇ ನಿಯಮದಂತೆ ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಪ್ರತಿ ಧರ್ಮಕೇಂದ್ರದಲ್ಲಿ ಇರಲೇಬೇಕು. ಇಪ್ಪತ್ತು ವರ್ಷದ ಮದುವೆ ಪುಸ್ತಕ ತೆಗೆದು ಕೇರಿ ಮತ್ತು ಊರಿನ ನಡುವೆ ಎಷ್ಟು ಮದುವೆಯಾಗಿದೆ ಎಣಿಸಿ. ಜ್ಞಾನಸ್ನಾನದ ಪುಸ್ತಕದಲ್ಲಿ ಕೇರಿಯ ಮಗುವಿಗೆ ಊರಿನವರು ಜ್ಞಾನತಂದೆ (ಗಾಡ್‌ಫಾದರ್) ಆದದ್ದು ಎಷ್ಟು, ಊರಿನ ಮಗುವಿಗೆ ಕೇರಿಯವರು ಆದದ್ದು ಎಷ್ಟು. 537ನೇ ನಿಯಮದಂತೆ ಪ್ರತಿ ಧರ್ಮಕೇಂದ್ರಕ್ಕೂ ಹಣಕಾಸು ಸಮಿತಿ ಕಡ್ಡಾಯ. ಹತ್ತು ವರ್ಷದಲ್ಲಿ ಅದರಲ್ಲಿ ಕೂತವರ ಪಟ್ಟಿ ಮಾಡಿ. ಸಿಎಸ್‌ಐ ಕಡೆ ಪಾಸ್ಟರೇಟ್ ಕಮಿಟಿಯ ಪಟ್ಟಿ. ವಾಚನ ಓದುವವರು, ಪೀಠಸೇವಕ ಹುಡುಗರು, ಗಾಯನವೃಂದ, ಗುರುಮಠಕ್ಕೆ ಕಳಿಸಿದವರು. ಮುಖ್ಯ ಆಲಯದಲ್ಲಿ ದಿನಾ ಪೂಜೆಯಿದ್ದು ಕೇರಿಯ ಉಪಕೇಂದ್ರದಲ್ಲಿ ತಿಂಗಳಿಗೊಮ್ಮೆ ಆದರೆ ಅದನ್ನೂ ಬರೆಯಿರಿ. ಸಭೆಯ ಶಾಲೆ, ಆಸ್ಪತ್ರೆಯಲ್ಲಿ ಕೇರಿಯವರು ಪಾಠ ಮಾಡುವವರಲ್ಲಿ ಎಷ್ಟು, ಆಯಾಗಳಲ್ಲಿ ಮತ್ತು ಶೌಚಾಲಯ ತೊಳೆಯುವವರಲ್ಲಿ ಎಷ್ಟು ಎಂಬ ಒಂದು ಸಾಲು ಉಳಿದೆಲ್ಲಕ್ಕಿಂತ ಹೆಚ್ಚು ಹೇಳೀತು.

ಹೇಳಿದವರ ಹೆಸರು ಹೊರಬಾರದು. ಹಳ್ಳಿಯಲ್ಲಿ ಸಾಕ್ಷಿ ಹೇಳಿದ ಮನೆಗೆ ಮದುವೆಯ ದಿನ ಚರ್ಚ್ ಸಿಗುವುದಿಲ್ಲ, ಸಾವಿನ ದಿನ ಹೊರುವವರು ಬರುವುದಿಲ್ಲ. ಮನೆಗೊಂದು ಸಂಕೇತ ಸಂಖ್ಯೆ ಕೊಡಿ, ಹೆಸರಿನ ಪಟ್ಟಿಯನ್ನು ಧರ್ಮಕೇಂದ್ರದ ಹೊರಗೆ ಇಡಿ. ಎಲ್ಲ ಧರ್ಮಕೇಂದ್ರಗಳ ಅಂಕಿಗಳನ್ನು ಕೂಡಿಸಿ ಸರಾಸರಿ ತೆಗೆಯಬೇಡಿ. ನಗರದ ದೊಡ್ಡ ಆಲಯದ ಅಂಕಿಗಳಲ್ಲಿ ಹಳ್ಳಿಯ ಸ್ಮಶಾನ ಮುಚ್ಚಿಹೋಗುತ್ತದೆ. ಅಳೆದವರು ನೋಟರಿ ಮುಂದೆ ಅಫಿಡವಿಟ್ ಮಾಡಲಿ, ಇಲ್ಲವಾದರೆ ನ್ಯಾಯಾಲಯದಲ್ಲಿ ಅದು ಕೇವಲ ಕರಪತ್ರ. 50 ಧರ್ಮಕೇಂದ್ರಗಳ ಧರ್ಮಕ್ಷೇತ್ರಕ್ಕೆ ಇದು 300 ಆಳುದಿನದ ಕೆಲಸ. ದಿನಕ್ಕೆ ಸಾವಿರ ರೂಪಾಯಿಯಂತೆ ಕೊಟ್ಟರೂ 3 ಲಕ್ಷ. ದೀಪಾಲಂಕಾರಕ್ಕೆ, ಪೆಂಡಾಲಿಗೆ, ಹೊಸ ಗೋಪುರಕ್ಕೆ ಹಣ ಹೊಂದಿಸಬಲ್ಲ ಸಭೆಗೆ ಇದು ಹೊರೆಯಲ್ಲ. ಕಾಣಿಕೆಯ ಲೆಕ್ಕವನ್ನು ವಿಶ್ವಾಸಿಗಳಿಗೆ ಒಪ್ಪಿಸಬೇಕೆಂದು 1287ನೇ ನಿಯಮ ಹೇಳುತ್ತದೆ. ಆ ಲೆಕ್ಕದಲ್ಲಿ ಕೇರಿಯ ಉಪಕೇಂದ್ರಕ್ಕೆ ಹೋದ ಹಣ ಎಷ್ಟು ಎಂಬ ಪ್ರತ್ಯೇಕ ಸಾಲು ಇರಲಿ.

ಶಾಲೆಗಳ ಮಾತು ಬಿಡುವಂತಿಲ್ಲ, ಅಲ್ಲಿ ಸಭೆಗೆ ದೆಹಲಿಯ ಅಪ್ಪಣೆಯೇ ಬೇಡ. 30ನೇ ವಿಧಿ ಸಂಸ್ಥೆ ನಡೆಸುವ ಹಕ್ಕು ಕೊಟ್ಟಿದೆ. 15(5)ನೇ ವಿಧಿ ಅಲ್ಪಸಂಖ್ಯಾತ ಸಂಸ್ಥೆಗಳಿಗೆ ಮೀಸಲಾತಿಯಿಂದ ವಿನಾಯಿತಿ ಕೊಟ್ಟಿದೆ. 2014ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಶಿಕ್ಷಣ ಹಕ್ಕು ಕಾಯ್ದೆಯ ಶೇ 25 ಸೀಟಿನಿಂದಲೂ ಬಿಡುಗಡೆ ಕೊಟ್ಟಿತು. ಅಲ್ಪಸಂಖ್ಯಾತರ ರಕ್ಷಣೆಗೆಂದು ಬಂದ ಈ ಬಿಡುಗಡೆಗಳ ಫಲ ಆ ಅಲ್ಪಸಂಖ್ಯಾತರಲ್ಲೇ ಕಡೆಯವರಿಗೆ ಮುಟ್ಟದಿದ್ದರೆ ಅವು ಯಾರಿಗಾಗಿ? 40 ಮಕ್ಕಳ ತರಗತಿಯಲ್ಲಿ 10 ಸೀಟು ಸ್ವಂತ ಇಚ್ಛೆಯಿಂದ ಇಡಿ. ಶುಲ್ಕ ಮನ್ನಾ ಒಂದೇ ಸಾಲದು, ಅದು ಸೋಲುವುದು ಹೀಗೆ: ಬೋಧನಾ ಶುಲ್ಕ ಬಿಡುತ್ತಾರೆ; ಪ್ರವೇಶದ ವಂತಿಗೆ, ಎರಡು ಜೊತೆ ಸಮವಸ್ತ್ರ, ಪುಸ್ತಕದ ಸೆಟ್ಟು, ಬಸ್ಸು ಉಳಿಯುತ್ತವೆ. ಅದನ್ನೂ ದಾಟಿದ ಮಗು ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲದೆ ಏಳನೇ ಎಂಟನೇ ತರಗತಿಯ ಇಂಗ್ಲಿಷ್ ಮತ್ತು ಗಣಿತದಲ್ಲಿ ಎಡವುತ್ತದೆ. ಸಂಜೆ ಒಂದು ಗಂಟೆ ಕನ್ನಡದಲ್ಲಿ ವಿವರಿಸುವ ಒಬ್ಬ ಮೇಷ್ಟರ ಸಂಬಳ ಸೀಟಿನ ಜೊತೆಗೇ ಬಜೆಟ್ಟಿನಲ್ಲಿ ಬರಬೇಕು.

ಇನ್ನು ಸರ್ಕಾರದವರೇ, ನಿಮ್ಮ ಸರದಿ. ಕೇಂದ್ರವೇ ನೇಮಿಸಿದ ರಂಗನಾಥ ಮಿಶ್ರ ಆಯೋಗ 2007ರಲ್ಲಿ ಮೂರನೇ ಕಂಡಿಕೆಯನ್ನು ಪೂರ್ತಿ ತೆಗೆದುಹಾಕಿ ಎಂದಿತು. ವರದಿ ಸಂಸತ್ತಿನ ಮೇಜಿಗೆ ಬಂದದ್ದು 2009ರ ಡಿಸೆಂಬರ್‌ನಲ್ಲಿ. ಅಲ್ಪಸಂಖ್ಯಾತರ ಆಯೋಗಕ್ಕಾಗಿ ಸತೀಶ್ ದೇಶಪಾಂಡೆ ಮತ್ತು ಗೀತಿಕಾ ಬಾಪ್ನಾ 2008ರಲ್ಲಿ ದಲಿತ ಕ್ರೈಸ್ತ, ಮುಸ್ಲಿಮರ ಬಗ್ಗೆ ಮಾಡಿದ ಅಧ್ಯಯನವೂ ಇದೆ. ಮೂರನೇ ಕಂಡಿಕೆಯನ್ನು ಪ್ರಶ್ನಿಸಿ 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋದ ರಿಟ್ ಅರ್ಜಿಯೂ ನಿಮಗೆ ನೆನಪಿರಬೇಕು. 2022ರ ಅಕ್ಟೋಬರ್‌ನಲ್ಲಿ ಮತಾಂತರಗೊಂಡ ದಲಿತರ ಸ್ಥಾನಮಾನ ಪರಿಶೀಲಿಸಲು ಕೆ.ಜಿ. ಬಾಲಕೃಷ್ಣನ್ ಆಯೋಗ ನೇಮಕವಾಯಿತು, ಎರಡು ವರ್ಷದ ಗಡುವು. ಅದು ಮುಗಿದಾಗ 2025ರ ಅಕ್ಟೋಬರ್‌ವರೆಗೆ ಚಾಚಲಾಯಿತು. ಅದೂ ಕಳೆಯಿತು. 1985ರಲ್ಲಿ ಅಧ್ಯಯನವಿಲ್ಲ ಎಂದವರಿಗೆ 2007ರಲ್ಲಿ ಅಧ್ಯಯನ ಬಂದಾಗ ಅದು ಬೇಡವಾಯಿತು. ಬೌದ್ಧರ ವಿಷಯದಲ್ಲಿ 1990ರಲ್ಲಿ ಒಂದು ಕಾಯ್ದೆ ಸಾಕಾಗಿತ್ತು.

ಮುಂದಿನ ಜನಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1, ಅದರಲ್ಲಿ ಜಾತಿಯನ್ನೂ ಎಣಿಸುವುದಾಗಿ ಕೇಂದ್ರ ತೀರ್ಮಾನಿಸಿದೆ. 2011ರ ಗಣತಿ ದೇಶದ ಕ್ರೈಸ್ತರು 2.78 ಕೋಟಿ, ಕರ್ನಾಟಕದಲ್ಲಿ ಸುಮಾರು 11.4 ಲಕ್ಷ ಎಂದು ಹೇಳಿತು. ಅವರಲ್ಲಿ ದಲಿತರು ಎಷ್ಟು ಎಂದು ಹೇಳಲಿಲ್ಲ, ಯಾಕೆಂದರೆ ಗಣತಿದಾರರು ಹಿಂದೂ, ಸಿಖ್, ಬೌದ್ಧರಲ್ಲಿ ಮಾತ್ರ ಪರಿಶಿಷ್ಟ ಜಾತಿ ಬರೆಯುತ್ತಾರೆ. ಈ ಸಲ ಧರ್ಮ ಯಾವುದಾದರೂ ಹೇಳಿದ ಜಾತಿಯನ್ನು ಹೇಳಿದಂತೆ ಬರೆಯಿರಿ. ಕರ್ನಾಟಕದ 2025ರ ಸಮೀಕ್ಷೆಯಲ್ಲಿ ಕ್ರೈಸ್ತ ಪದ ಜೋಡಿಸಿದ 33 ಜಾತಿ ಹೆಸರುಗಳು ಗದ್ದಲದ ನಂತರ ಪಟ್ಟಿಯಿಂದ ಮರೆಯಾದವು. ಹೆಸರು ಮರೆಮಾಡಿದರೆ ಜಾತಿ ಹೋಗುವುದಾದರೆ ಎಲ್ಲ ಧರ್ಮದವರೂ ಸಂತೋಷದಿಂದ ಮರೆಮಾಡುತ್ತಿದ್ದೆವು.

ನಮ್ಮ ಹಿಂದೂ, ಬೌದ್ಧ ದಲಿತ ಬಂಧುಗಳ ಆತಂಕವನ್ನು ನಾವು ಬಲ್ಲೆವು. ಇರುವ ತಟ್ಟೆಯಲ್ಲೇ ಇನ್ನಷ್ಟು ಕೈಗಳು ಬಂದರೆ, ಮಿಷನ್ ಶಾಲೆಯಲ್ಲಿ ಓದಿದವರು ಮುಂದೆ ಹೋದರೆ ಎಂಬ ಪ್ರಶ್ನೆ ನ್ಯಾಯವಾದದ್ದು. 2024ರ ಆಗಸ್ಟ್ 1ರಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಒಳಮೀಸಲಾತಿಗೆ ಅವಕಾಶ ಕೊಟ್ಟಿದೆ. ಕ್ರೈಸ್ತ ದಲಿತರಿಗೆ ಜನಸಂಖ್ಯೆಯ ಅಳತೆಯ ಪ್ರತ್ಯೇಕ ಒಳಪಾಲು ಮಾಡಿ, ಅಷ್ಟನ್ನು ಒಟ್ಟು ಪ್ರಮಾಣಕ್ಕೆ ಸೇರಿಸಿದರೆ ಯಾರ ತುತ್ತೂ ಕಡಿಮೆಯಾಗುವುದಿಲ್ಲ. ಇದಕ್ಕೆ ಸಮಯ ಬೇಕೆಂದರೆ ದೌರ್ಜನ್ಯ ತಡೆ ಕಾಯ್ದೆಯ ವ್ಯಾಖ್ಯಾನವನ್ನಾದರೂ ಮೊದಲು ತಿದ್ದಿ. ಹೊಡೆತದಿಂದ ರಕ್ಷಣೆ ಕೊಡುವುದರಲ್ಲಿ ಹಂಚಿಕೊಳ್ಳಬೇಕಾದ ಸೀಟು ಯಾವುದೂ ಇಲ್ಲ.

ರಾಜ್ಯ ಸರ್ಕಾರ ಕೂಡಲೇ ಮಾಡಬಹುದಾದದ್ದೂ ಇದೆ. ಆಂಧ್ರ ವಿಧಾನಸಭೆ 2023ರ ಮಾರ್ಚ್‌ನಲ್ಲಿ, ತಮಿಳುನಾಡು ವಿಧಾನಸಭೆ ಅದೇ ಏಪ್ರಿಲ್‌ನಲ್ಲಿ ದಲಿತ ಕ್ರೈಸ್ತರ ಪರ ನಿರ್ಣಯ ಕೈಗೊಂಡವು. ಬೆಂಗಳೂರಿನಿಂದಲೂ ಅಂಥದ್ದೊಂದು ಹೋಗಲಿ. ತಂದೆ ಅಥವಾ ಅಜ್ಜನ ಶಾಲಾ ದಾಖಲೆಯಲ್ಲಿ ಪರಿಶಿಷ್ಟ ಜಾತಿ ಇದ್ದು ಅರ್ಜಿದಾರರು ಕ್ರೈಸ್ತರಾಗಿದ್ದರೆ ನಮೂನೆ 'ಇ' ಕೊಡಬೇಕು, 3ಬಿಗೆ ತಳ್ಳಬಾರದು ಎಂದು ತಹಶೀಲ್ದಾರರಿಗೆ ಒಂದು ಸುತ್ತೋಲೆ ಸಾಕು. ಗೃಹ ಇಲಾಖೆ ಇನ್ನೊಂದು ಸುತ್ತೋಲೆ ಹೊರಡಿಸಲಿ: 1955ರ ನಾಗರಿಕ ಹಕ್ಕು ರಕ್ಷಣಾ ಕಾಯ್ದೆ ಧರ್ಮ ಕೇಳುವುದಿಲ್ಲ. ಅಸ್ಪೃಶ್ಯತೆಯ ಕಾರಣಕ್ಕೆ ಅದೇ ಧರ್ಮದವರಿಗೆ ತೆರೆದ ಆರಾಧನಾಲಯಕ್ಕೆ ಬಿಡದಿರುವುದು, ಸ್ಮಶಾನ ಬಳಸಲು ಅಡ್ಡಿ ಮಾಡುವುದು ಅದರ ಮೂರು ಮತ್ತು ನಾಲ್ಕನೇ ಕಲಮಿನ ಅಪರಾಧ, ಒಂದರಿಂದ ಆರು ತಿಂಗಳ ಸಜೆ ಮತ್ತು ದಂಡ. 17ನೇ ವಿಧಿಯೂ ಅಸ್ಪೃಶ್ಯತೆ ಯಾವ ರೂಪದಲ್ಲೂ ಕೂಡದು ಎನ್ನುತ್ತದೆ, ಯಾವ ಧರ್ಮದ್ದು ಎಂದು ಕೇಳುವುದಿಲ್ಲ. ಕ್ರೈಸ್ತರು ಕ್ರೈಸ್ತರ ಮೇಲೆ ಕೊಟ್ಟ ದೂರನ್ನೂ ಠಾಣೆ ದಾಖಲಿಸಿಕೊಳ್ಳಬೇಕು. ಹಾಗೆ ದೂರು ಕೊಟ್ಟ ಮನೆಯ ಬೆನ್ನಿಗೆ ನಿಲ್ಲುತ್ತೇವೆಂದು ಧರ್ಮಾಧ್ಯಕ್ಷರು ಪಾಲನಾ ಪತ್ರದಲ್ಲಿ ಬರೆಯಬೇಕು.

ಮುಂದಿನ ಆಗಸ್ಟ್ 10ಕ್ಕೆ ಕಪ್ಪು ಬಟ್ಟೆ ಕಟ್ಟುವ ಮೊದಲು, ಪ್ರತಿ ಧರ್ಮಕೇಂದ್ರದ ಎರಡು ಪುಟ, ಸ್ಮಶಾನದ ನಕ್ಷೆಯೊಂದು, ದಾಖಲೆಯ ಎಣಿಕೆಯೊಂದು, ಆಲಯದ ಸೂಚನಾಫಲಕದಲ್ಲಿ ಅಂಟಿಸಿ. ಅದರ ಪ್ರತಿ ಸಾಮಾಜಿಕ ನ್ಯಾಯ ಸಚಿವಾಲಯಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಗಲಿ. ಸಚಿವಾಲಯ ಸ್ವೀಕೃತಿ ಕೊಡಲಿ.

ಇಂತಿ,
ಈ ದೇಶದ ಪ್ರಜೆಗಳೂ ಈ ಸಭೆಯ ಸದಸ್ಯರೂ ಆದ ಕೆಲವರು